ರೆಡ್ ಲೈನ್ ದಾರಿಯಲ್ಲಿ ಬೀಜಿಂಗಿನ ಯಜಮಾನರು

ಗೈದರ್ಸ್‌ಬರ್ಗ್ ಊರೊಳಕ್ಕೆ ವಾಷಿಂಗ್ಟನ್ನಿನ ಮೆಟ್ರೊ ಬರುವುದಿಲ್ಲ. ಊರಿನ ದಕ್ಷಿಣಕ್ಕೆ ಅಂಟಿಕೊಂಡಿರುವ ಶೇಡಿ ಗ್ರೋವ್‌ಗೆ ಬಂದು, ಕಾರು ನಿಲ್ಲಿಸಿ, ರೆಡ್ ಲೈನ್ ಹತ್ತಬೇಕು. ಮೇರಿಲ್ಯಾಂಡಿನ ಈ ಭಾಗದ ಕನ್ನಡಿಗರು ಊರಿನಿಂದ ಬಂದಿಳಿದ ಅಪ್ಪ ಅಮ್ಮನಿಗೆ ಶ್ವೇತಭವನ ತೋರಿಸಲು ಹಿಡಿಯುವ ದಾರಿ ಇದು. ಅದೇ ಬೋಗಿಯಲ್ಲಿ ಚೀನೀ ಅಜ್ಜ ಅಜ್ಜಿಯರೂ ಇರುತ್ತಾರೆ. ಅವರೂ ಮಕ್ಕಳ ಮನೆಗೆ ಬಂದವರೇ, ಮೊಮ್ಮಗುವಿಗೆ ಪಾಂಡಾ ತೋರಿಸಲು ಹೊರಟವರು.

ಈ ಹಳಿಯ ಆಚೀಚೆ ಆಧುನಿಕ ಚೀನಾದ ರಾಜಕಾರಣ ಬಿಟ್ಟುಹೋದ ಗುರುತುಗಳು ಒಂದರ ಹಿಂದೊಂದು ಸಿಗುತ್ತವೆ. ವ್ಯಾನ್ ನೆಸ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸುಣ್ಣಕಲ್ಲಿನ ದೊಡ್ಡ ಕಟ್ಟಡ ಕಾಣುತ್ತದೆ. ಅದು ಚೀನಾದ ರಾಯಭಾರ ಕಚೇರಿ, ವಾಸ್ತುಶಿಲ್ಪಿ ಐ.ಎಂ. ಪೇ ಮತ್ತು ಅವರ ಮಕ್ಕಳ ಸಂಸ್ಥೆ ರೂಪಿಸಿದ್ದು, 2008ರಲ್ಲಿ ತೆರೆದದ್ದು. ಆ ನೆಲ ಹಿಂದೆ ಅಮೆರಿಕದ ಅಳತೆ ತೂಕಗಳ ಲೆಕ್ಕ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆಯದ್ದಾಗಿತ್ತು. ಈಗ ನಿಸ್ಟ್ ಎಂದು ಹೆಸರಾಗಿರುವ ಆ ಸಂಸ್ಥೆ 1960ರ ದಶಕದಲ್ಲಿ ಗಂಟುಮೂಟೆ ಕಟ್ಟಿಕೊಂಡು ಗೈದರ್ಸ್‌ಬರ್ಗ್‌ಗೆ ಬಂತು. ಖಾಲಿಯಾದ ಜಾಗ ಕ್ರಮೇಣ ರಾಯಭಾರ ಕಚೇರಿಗಳ ಬಡಾವಣೆಯಾಯಿತು.

ಮುಂದಿನ ನಿಲ್ದಾಣ ಕ್ಲೀವ್‌ಲ್ಯಾಂಡ್ ಪಾರ್ಕ್. ಅಲ್ಲಿ ಸುಮಾರು 18 ಎಕರೆ ಹಸಿರಿನ ನಡುವೆ ಟ್ವಿನ್ ಓಕ್ಸ್ ಎಂಬ 1888ರ ಬಂಗಲೆ ಇದೆ. 1937ರಿಂದ ಚಿಯಾಂಗ್ ಕೈ ಶೇಕ್ ಸರ್ಕಾರದ ರಾಯಭಾರಿಗಳು ವಾಸವಿದ್ದದ್ದು ಇಲ್ಲಿ. 1978ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇನ್ನು ಮುಂದೆ ಬೀಜಿಂಗ್ ಸರ್ಕಾರಕ್ಕೇ ಮನ್ನಣೆ ಎಂದು ಘೋಷಿಸಿದರು. ಕಮ್ಯುನಿಸ್ಟರಿಗೆ ಸೋತು ತೈವಾನಿಗೆ ಸರಿದಿದ್ದ ಚಿಯಾಂಗ್ ಪಕ್ಷದ ಸರ್ಕಾರ, ಬಂಗಲೆಯೂ ಅವರ ಪಾಲಾದೀತೆಂದು ಹೆದರಿ, ಅದನ್ನು ಅಮೆರಿಕದ ತನ್ನ ಮಿತ್ರರ ಸಂಘವೊಂದಕ್ಕೆ ನಾಮಮಾತ್ರದ ಬೆಲೆಗೆ ಆತುರಾತುರವಾಗಿ ಬರೆದುಕೊಟ್ಟಿತು. ಗಲಾಟೆ ತಣ್ಣಗಾದ ಮೇಲೆ 1982ರಲ್ಲಿ ಮರಳಿ ಪಡೆಯಿತು. ಉಳುವವನಿಗೆ ಭೂಮಿ ಕಾಯ್ದೆ ಬಂದಾಗ ಗದ್ದೆಯನ್ನು ನೆಂಟರ ಹೆಸರಿಗೆ ಮಾಡಿಸಿದ ನಮ್ಮ ಜಮೀನ್ದಾರರಿಗೆ ಈ ಉಪಾಯ ಹೊಸದೆನಿಸದು.

ಚಿಯಾಂಗ್ ಆಳಿದ್ದು ಸೈನ್ಯದ ಬಲದಿಂದ, ಮತ್ತು ಹೆಂಡತಿಯ ಮನೆಯವರ ಬಲದಿಂದ. ಆ ಮನೆತನದ ಕಥೆ ಶುರುವಾಗುವುದು ಕೆರೊಲಿನಾದಲ್ಲಿ. ಹೈನಾನ್ ದ್ವೀಪದ ಬಡ ಹುಡುಗನೊಬ್ಬ ಹಡಗಿನಲ್ಲಿ ಚಾಕರಿ ಮಾಡುತ್ತ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ತಲುಪಿ, 1880ರ ನವೆಂಬರ್ 7ರಂದು ಅಲ್ಲಿನ ಮೆಥಡಿಸ್ಟ್ ಚರ್ಚಿನಲ್ಲಿ ದೀಕ್ಷೆ ಪಡೆದು ಚಾರ್ಲಿ ಸೂಂಗ್ ಆದ. ಡರ್ಹಮ್‌ನ ತಂಬಾಕು ಧಣಿ ಜೂಲಿಯನ್ ಕಾರ್ ಓದಿಸಿದರು. ಕಾರ್ ಅವನನ್ನು ಸೇರಿಸಿದ ಟ್ರಿನಿಟಿ ಕಾಲೇಜೇ ಇಂದಿನ ಡ್ಯೂಕ್ ವಿಶ್ವವಿದ್ಯಾಲಯ. ಧರ್ಮಪ್ರಚಾರಕ್ಕೆಂದು 1886ರಲ್ಲಿ ಶಾಂಘೈಗೆ ಮರಳಿದ ಸೂಂಗ್ ಬೈಬಲ್ ಅಚ್ಚು ಹಾಕಿ ದುಡ್ಡು ಮಾಡಿದ. ಆ ದುಡ್ಡಿನಲ್ಲಿ ಚೀನಾದ ಅರಸೊತ್ತಿಗೆಯ ವಿರುದ್ಧದ ಸನ್ ಯಾತ್ ಸೆನ್‌ರ ಕ್ರಾಂತಿಗೆ ನೆರವಾದ. ಮೂವರು ಹೆಣ್ಣುಮಕ್ಕಳನ್ನೂ ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಕಾಲೇಜಿಗೆ ಕಳಿಸಿದ.

ಹಿರಿಯಳು ಐಲಿಂಗ್ ಮುಂದೆ ಹಣಕಾಸು ಸಚಿವರಾದ ಎಚ್.ಎಚ್. ಕುಂಗ್ ಅವರನ್ನು ಮದುವೆಯಾದಳು. ನಡುವಿನವಳು ಚಿಂಗ್‌ಲಿಂಗ್ ಸ್ವತಃ ಸನ್ ಯಾತ್ ಸೆನ್‌ರನ್ನು. ಕಿರಿಯಳು ಮೇಲಿಂಗ್ 1927ರಲ್ಲಿ ಚಿಯಾಂಗ್‌ರನ್ನು. ಮೇಲಿಂಗಳ ಅಣ್ಣ ಟಿ.ವಿ. ಸೂಂಗ್ ಒಮ್ಮೆ ಹಣಕಾಸು, ಒಮ್ಮೆ ವಿದೇಶಾಂಗ ಖಾತೆ ಹಿಡಿದವರು. ಖಜಾನೆ, ಸೈನ್ಯ, ಅಮೆರಿಕದ ಸಂಪರ್ಕ ಎಲ್ಲವೂ ಒಂದೇ ಊಟದ ಮೇಜಿನ ಸುತ್ತ ಕೂತಿದ್ದವು. ಚಿಯಾಂಗ್ ಅಮೆರಿಕಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಇಡುವ ಅಗತ್ಯವೇ ಬೀಳಲಿಲ್ಲ. 1943ರ ಫೆಬ್ರುವರಿ 18ರಂದು ಜಾರ್ಜಿಯಾದ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಮೇಲಿಂಗ್ ವಾಷಿಂಗ್ಟನ್ನಿನ ಸಂಸತ್ತನ್ನು ಉದ್ದೇಶಿಸಿ ಮಾತಾಡಿದಾಗ ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ಭೇಟಿಯ ಇನ್ನೊಂದು ಪ್ರಸಂಗವನ್ನು ಎಲಿನರ್ ರೂಸ್‌ವೆಲ್ಟ್ ಹೇಳುತ್ತಿದ್ದರು. ಕಲ್ಲಿದ್ದಲು ಕಾರ್ಮಿಕರ ನಾಯಕನ ಕಾಟ ಅಧ್ಯಕ್ಷರಿಗೆ ಆಗ ಜೋರಾಗಿತ್ತು. ಇಂಥವನನ್ನು ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಊಟದ ವೇಳೆ ರೂಸ್‌ವೆಲ್ಟ್ ಕೇಳಿದರಂತೆ. ಪ್ರಜಾಪ್ರಭುತ್ವದ ಬಗ್ಗೆ ಅಷ್ಟು ಸೊಗಸಾಗಿ ಮಾತಾಡಿದ್ದ ಆ ಹೆಂಗಸು ಬಾಯಿ ಬಿಡಲಿಲ್ಲ. ಉಗುರಿನಿಂದ ಕುತ್ತಿಗೆಯ ಮೇಲೊಂದು ಗೆರೆ ಎಳೆದು ತೋರಿಸಿದರಂತೆ.

ವಾಷಿಂಗ್ಟನ್ನಿಗೆ ಬಂದುಹೋದ ಚೀನೀ ನಾಯಕರನ್ನು ಅಳೆಯಲು ಈ ಪ್ರಸಂಗಕ್ಕಿಂತ ಒಳ್ಳೆಯ ಮಾಪು ಸಿಗದು. ಇಲ್ಲಿ ತೋರಿಸುವ ಮುಖ ಒಂದು, ಊರಲ್ಲಿ ಆಡಿಸುವ ಕೈ ಇನ್ನೊಂದು. ಎರಡೂ ಸುಳ್ಳಲ್ಲ.

ಚಿಯಾಂಗ್ ಅವರನ್ನು ಸೋಲಿಸಿದ ಕಮ್ಯುನಿಸ್ಟ್ ನಾಯಕ ಮಾವೊ ಕೂಡ ಅಮೆರಿಕವನ್ನು ನೋಡಲಿಲ್ಲ. ನೋಡಬೇಕೆಂಬ ಮನಸ್ಸು ಮಾತ್ರ ಒಮ್ಮೆ ಬಂದಿತ್ತು. 1944ರ ಜುಲೈನಲ್ಲಿ ಅಮೆರಿಕದ ಸೇನಾ ವೀಕ್ಷಕರ ತಂಡವೊಂದು ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನ್‌ಗೆ ಹೋಗಿತ್ತು. ತಾನು ಮತ್ತು ಒಡನಾಡಿ ಚೌ ಎನ್‌ಲಾಯ್ ವಾಷಿಂಗ್ಟನ್ನಿಗೆ ಬಂದು ರೂಸ್‌ವೆಲ್ಟ್‌ರನ್ನು ಕಾಣಲು ತಯಾರಿದ್ದೇವೆ ಎಂದು 1945ರ ಜನವರಿಯಲ್ಲಿ ಮಾವೊ ಆ ತಂಡದ ಮೂಲಕ ಹೇಳಿಕಳಿಸಿದರು. ಸುದ್ದಿ ಚಿಯಾಂಗ್ ಪರ ವಾಲಿದ್ದ ರಾಯಭಾರಿ ಪ್ಯಾಟ್ರಿಕ್ ಹರ್ಲಿ ಕೈಗೆ ಸಿಕ್ಕಿ ಅಲ್ಲೇ ಅಡಗಿತು. ಬದುಕಿನಲ್ಲಿ ಮಾವೊ ದೇಶ ಬಿಟ್ಟು ಹೋದದ್ದು ಎರಡೇ ಸಲ, ಎರಡೂ ಸಲ ಮಾಸ್ಕೊಗೆ.

ಅವರ ರೀತಿಯೇ ಬೇರೆ. ಸರ್ಕಾರಿ ಕಡತ, ಇಲಾಖೆ, ನಿಯಮಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಜನರನ್ನು ಬೀದಿಗಿಳಿಸಿ ಅವರಿಂದಲೇ ವ್ಯವಸ್ಥೆಯನ್ನು ಅಲುಗಾಡಿಸುವುದರಲ್ಲಿ ನಂಬಿಕೆ. 1958ರ ಮಹಾ ಮುನ್ನೆಗೆತದಲ್ಲಿ ರೈತರು ಹಿತ್ತಲಿನ ಕುಲುಮೆಗಳಲ್ಲಿ ಉಕ್ಕು ಕರಗಿಸಲು ಹೋದರು, ಬೆಳೆ ಹೊಲದಲ್ಲೇ ಉಳಿಯಿತು, ಅಧಿಕಾರಿಗಳು ಇಲ್ಲದ ಇಳುವರಿ ಬರೆದು ಕಳಿಸಿದರು. ಆ ಲೆಕ್ಕ ಸುಳ್ಳೆಂದು ಮೇಲಿನವರಿಗೆ ಹೇಳುವ ಧೈರ್ಯ ಬಹಳ ಮಂದಿಗಿರಲಿಲ್ಲ. ಹೇಳಿದ ರಕ್ಷಣಾ ಸಚಿವ ಪೆಂಗ್ ದೆಹುವಾಯ್ 1959ರಲ್ಲಿ ಕುರ್ಚಿ ಕಳೆದುಕೊಂಡರು. ನಂತರದ ಬರಗಾಲದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕು ಕೋಟಿಗೂ ಮೀರಿ ಅಂದಾಜು ಮಾಡುತ್ತಾರೆ. ಉತ್ತರಾಧಿಕಾರಿಗಳ ಗತಿಯನ್ನಂತೂ ಕೇಳುವುದೇ ಬೇಡ. ದೇಶದ ಅಧ್ಯಕ್ಷರಾಗಿದ್ದ ಲಿಯು ಶಾವೊಚಿ 1969ರಲ್ಲಿ ಬಂಧನದಲ್ಲೇ, ಸರಿಯಾದ ಚಿಕಿತ್ಸೆಯಿಲ್ಲದೆ ಸತ್ತರು. ಪಕ್ಷದ ಸಂವಿಧಾನದಲ್ಲೇ ವಾರಸುದಾರ ಎಂದು ಹೆಸರು ಬರೆಸಿಕೊಂಡಿದ್ದ ಲಿನ್ ಬಿಯಾವೊ 1971ರಲ್ಲಿ ಮಂಗೋಲಿಯಾದಲ್ಲಿ ವಿಮಾನ ಬಿದ್ದು ಸತ್ತರು.

ಮಾವೊ ವಾಷಿಂಗ್ಟನ್ನಿಗೆ ಬರುವವರಲ್ಲ; ಹೀಗಾಗಿ 1972ರ ಫೆಬ್ರುವರಿಯಲ್ಲಿ ರಿಚರ್ಡ್ ನಿಕ್ಸನ್ ತಾವೇ ಬೀಜಿಂಗ್‌ಗೆ ಹೋಗಬೇಕಾಯಿತು. ಪುಸ್ತಕ ತುಂಬಿದ ಕೋಣೆಯಲ್ಲಿ ಕಾಯಿಲೆಯ ಮಾವೊ ಸುಮಾರು ಒಂದು ತಾಸು ತತ್ವ ಮಾತಾಡಿ ಕಳಿಸಿದರು; ಉಳಿದ ಅಷ್ಟೂ ದಿನ ಕೂತು ಮಾತುಕತೆ ನಡೆಸಿದವರು ಪ್ರಧಾನಿ ಚೌ. ಔತಣದ ಮೇಜಿನ ಮೇಲಿದ್ದ ಪಾಂಡಾ ಚಿತ್ರದ ಸಿಗರೇಟ್ ಡಬ್ಬಿಯನ್ನು ನಿಕ್ಸನ್‌ರ ಪತ್ನಿ ಪ್ಯಾಟ್ ಮೆಚ್ಚಿಕೊಂಡದ್ದನ್ನು ನೋಡಿ, ಕೊಡೋಣ ಬಿಡಿ ಎಂದರಂತೆ ಚೌ. ಎರಡು ತಿಂಗಳಲ್ಲಿ ಲಿಂಗ್ ಲಿಂಗ್, ಶಿಂಗ್ ಶಿಂಗ್ ಎಂಬ ಎರಡು ಪಾಂಡಾ ವುಡ್ಲಿ ಪಾರ್ಕ್‌ನ ಮೃಗಾಲಯಕ್ಕೆ ಬಂದವು. ಯಜಮಾನನ ಮಾತನ್ನು ಎಂದೂ ಮೀರದೆ, ಕೆಲಸ ಮಾತ್ರ ಅಚ್ಚುಕಟ್ಟಾಗಿ ಮುಗಿಸುವುದು ಚೌ ಅವರ ವರಸೆ. ಅವರಿಂದ ಬದುಕಿದವರೂ ಇದ್ದಾರೆ, ಅವರು ಸಹಿ ಹಾಕಿದ್ದರಿಂದ ಜೈಲು ಸೇರಿದವರೂ ಇದ್ದಾರೆ.

ಫ್ಯಾರಗಟ್ ನಾರ್ತ್‌ನಲ್ಲಿ ಇಳಿದರೆ ಶ್ವೇತಭವನ ನಡೆದು ಹೋಗುವಷ್ಟು ದೂರ. ಅದರ ಎದುರಿನ ಬ್ಲೇರ್ ಹೌಸ್ ಅತಿಥಿಗೃಹಕ್ಕೆ 1979ರ ಜನವರಿ ಕೊನೆಯಲ್ಲಿ ಬಂದಿಳಿದ 74 ವರ್ಷದ ಕುಳ್ಳ ಮನುಷ್ಯ ಡೆಂಗ್ ಶಿಯಾವೊಪಿಂಗ್. ಅವರ ಅಧಿಕೃತ ಹುದ್ದೆ ಉಪಪ್ರಧಾನಿ, ಅಷ್ಟೇ. ಪ್ರಧಾನಿಯೂ ಪಕ್ಷದ ಅಧ್ಯಕ್ಷರೂ ಆಗಿದ್ದ ಹುವಾ ಗುವೋಫೆಂಗ್ ಬೀಜಿಂಗ್‌ನಲ್ಲಿ ಉಳಿದಿದ್ದರು. ಆದರೆ ಆತಿಥ್ಯ ನಡೆದದ್ದು ಯಾರು ನಿಜವಾದ ಯಜಮಾನ ಎಂದು ಗೊತ್ತಿದ್ದವರ ರೀತಿಯಲ್ಲೇ. ಮುಖ್ಯಮಂತ್ರಿ ಒಬ್ಬರು, ಹೈಕಮಾಂಡ್ ಬೇರೆ ಎಂಬುದನ್ನು ಕಂಡುಂಡ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಭೇಟಿಯ ಒಂದೊಂದು ದಿನವೂ ನೋಡುವಂತಿತ್ತು. ಬಂದ ರಾತ್ರಿಯೇ ವರ್ಜೀನಿಯಾದ ಮೆಕ್ಲೀನ್‌ನಲ್ಲಿ ಭದ್ರತಾ ಸಲಹೆಗಾರ ಬ್ರೆಝಿನ್‌ಸ್ಕಿ ಮನೆಯಲ್ಲಿ ಊಟ. ಅಲ್ಲಿ ಸೋವಿಯತ್ ವೋಡ್ಕಾ ಕುಡಿಸಿ ಸೋವಿಯತ್ತನ್ನು ಬೈದುಕೊಂಡದ್ದು ಬ್ರೆಝಿನ್‌ಸ್ಕಿಗೆ ಬಲು ಖುಷಿಯ ನೆನಪು. ಶ್ವೇತಭವನದ ಔತಣಕ್ಕೆ ನಿಕ್ಸನ್ ಬಂದಿದ್ದರು, ರಾಜೀನಾಮೆ ಕೊಟ್ಟು ಹೋದ ಮೇಲೆ ಮೊದಲ ಸಲ. ಕೆನಡಿ ಸೆಂಟರ್‌ನ ಕಾರ್ಯಕ್ರಮದಲ್ಲಿ ಜಾನ್ ಡೆನ್ವರ್ ಹಾಡು, ಗ್ಲೋಬ್‌ಟ್ರಾಟರ್ಸ್ ಬಾಸ್ಕೆಟ್‌ಬಾಲ್ ಆಟ. ಅಮೆರಿಕದ ಪುಟ್ಟ ಮಕ್ಕಳು ಚೀನೀ ಭಾಷೆಯಲ್ಲೇ ಹಾಡಿದಾಗ ಡೆಂಗ್ ಪತ್ನಿಯೊಂದಿಗೆ ವೇದಿಕೆ ಹತ್ತಿ ಮಕ್ಕಳನ್ನು ತಬ್ಬಿ ಮುತ್ತಿಟ್ಟರು. ಚೀನಾದ ಜನರಿಗೆ ವಲಸೆ ಹೋಗುವ ಸ್ವಾತಂತ್ರ್ಯ ಇರಬೇಕು ಎಂದು ಕಾರ್ಟರ್ ಮಾತೆತ್ತಿದರೆ, ಎಷ್ಟು ಜನ ಬೇಕು, ಒಂದು ಕೋಟಿ ಕಳಿಸಲೇ ಎಂದು ಕೇಳಿ ಬಾಯಿ ಮುಚ್ಚಿಸಿದರು.

ಅಲ್ಲಿಂದ ಅಟ್ಲಾಂಟಾ. ಫೆಬ್ರುವರಿ 1ರಂದು ಮಾರ್ಟಿನ್ ಲೂಥರ್ ಕಿಂಗ್ ಸಮಾಧಿಗೆ ಭೇಟಿ, ಹೇಪ್‌ವಿಲ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಸಾಲಿನ ವೀಕ್ಷಣೆ. ಅಟ್ಲಾಂಟಾದ್ದೇ ಆದ ಕೋಕಾ ಕೋಲಾ ಕಂಪನಿ ಚೀನಾದಲ್ಲಿ ಮಾರುವ ಒಪ್ಪಂದವನ್ನು ಕೆಲವೇ ವಾರಗಳ ಹಿಂದೆ, 1978ರ ಡಿಸೆಂಬರಿನಲ್ಲಿ ಮಾಡಿಕೊಂಡಿತ್ತು. ಅದಕ್ಕೂ ಒಂದು ವರ್ಷ ಮೊದಲು ಅದೇ ಕಂಪನಿ ಭಾರತದಿಂದ ಹೊರಟುಹೋಗಿತ್ತು. ಪಾಲು ಇಳಿಸಿ, ತಯಾರಿಕೆಯ ಗುಟ್ಟು ಬಿಟ್ಟುಕೊಡಿ ಎಂದು ಪಟ್ಟು ಹಿಡಿದ ಕೈಗಾರಿಕಾ ಸಚಿವ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಒಬ್ಬರು ಕಮ್ಯುನಿಸ್ಟ್, ಒಬ್ಬರು ಸೋಷಿಯಲಿಸ್ಟ್. ಬಾಗಿಲು ತೆರೆದವರು ಮತ್ತು ಮುಚ್ಚಿದವರು ಯಾರೆಂಬುದು ಅದಲುಬದಲಾಗಿ ಕಾಣುತ್ತದೆ.

ಇಷ್ಟೆಲ್ಲ ನಗು, ಮುತ್ತು, ಹಾಡಿನ ನಡುವೆ ಡೆಂಗ್ ಕಾರ್ಟರ್‌ಗೆ ಗುಟ್ಟಾಗಿ ಒಂದು ಮಾತು ಹೇಳಿದ್ದರು: ವಿಯೆಟ್ನಾಂಗೆ ಪಾಠ ಕಲಿಸಲಿದ್ದೇವೆ. ಬೇಡ ಎಂದು ಕಾರ್ಟರ್ ಕೈಬರಹದ ಚೀಟಿ ಕೊಟ್ಟರು. ಫೆಬ್ರುವರಿ 17ರಂದು ಚೀನಾದ ಸೈನ್ಯ ಗಡಿ ದಾಟಿತು. ಆಗ ಭಾರತದ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಚೀನಾದಲ್ಲೇ ಅತಿಥಿಯಾಗಿದ್ದರು. ಪ್ರವಾಸವನ್ನು ಅರ್ಧಕ್ಕೇ ಮುಗಿಸಿ ವಾಪಸಾದರು. ಅಮೆರಿಕದ ಅಧ್ಯಕ್ಷರಿಗೆ ಮುಂಚಿತವಾಗಿ ತಿಳಿಸಿದ ಸುದ್ದಿ, ಮನೆಗೆ ಬಂದ ನೆರೆಯವನಿಗೆ ಸಿಗಲಿಲ್ಲ.

ಆದರೂ ಡೆಂಗ್ ಮಾವೊ ಅಲ್ಲ. ಹುವಾ ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರೇ ಹೊರತು ಜೈಲಿಗೆ ತಳ್ಳಲಿಲ್ಲ. ಹುವಾ 2002ರವರೆಗೂ ಪಕ್ಷದ ಕೇಂದ್ರ ಸಮಿತಿಯಲ್ಲಿದ್ದರು. ಅಧಿಕಾರ ಒಬ್ಬನ ಕೈಯಲ್ಲಿ ಗುಡ್ಡೆಯಾಗಬಾರದು, ಸಾಯುವವರೆಗೂ ಕುರ್ಚಿ ಹಿಡಿದು ಕೂರಬಾರದು ಎಂದು 1980ರಲ್ಲಿ ಡೆಂಗ್ ಪಕ್ಷಕ್ಕೆ ಉಪದೇಶ ಮಾಡಿದರು. 1982ರ ಸಂವಿಧಾನ ದೇಶದ ಅಧ್ಯಕ್ಷರಿಗೆ ಸತತ ಎರಡೇ ಅವಧಿ ಎಂದು ಗೆರೆ ಎಳೆಯಿತು. ಉಪದೇಶ ಮಾಡಿದವರಿಗೆ ಮಾತ್ರ ಆ ಗೆರೆ ಅನ್ವಯಿಸಲಿಲ್ಲ, ಯಾಕೆಂದರೆ ಅವರು ಆ ಕುರ್ಚಿಯಲ್ಲಿ ಕೂತಿರಲೇ ಇಲ್ಲ.

ಕುರ್ಚಿಯಿಲ್ಲದೆಯೂ ಕೊನೆಯ ಮಾತು ಡೆಂಗ್ ಅವರದೇ ಎಂಬ ಗುಟ್ಟು ಬಯಲಾದದ್ದು ವಿಚಿತ್ರ ರೀತಿಯಲ್ಲಿ. 1984ರ ಜನವರಿಯಲ್ಲಿ ಪ್ರಧಾನಿಯಾಗಿ ಶ್ವೇತಭವನಕ್ಕೆ ಬಂದಿದ್ದ ಝಾವೊ ಝಿಯಾಂಗ್ ಮುಂದೆ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. 1989ರ ಮೇ 16ರಂದು ಅವರು ಬೀಜಿಂಗ್‌ಗೆ ಬಂದಿದ್ದ ಗೊರ್ಬಚೆವ್‌ಗೆ, ಮುಖ್ಯ ವಿಷಯಗಳಲ್ಲಿ ಈಗಲೂ ಡೆಂಗ್ ಮಾತೇ ಕೊನೆ, 1987ರಲ್ಲಿ ಪಕ್ಷವೇ ಹಾಗೆ ತೀರ್ಮಾನಿಸಿದೆ ಎಂದುಬಿಟ್ಟರು. ಮಾತು ಟಿವಿಯಲ್ಲಿ ಬಂತು. ಮರುದಿನ ಡೆಂಗ್ ಮನೆಯಲ್ಲೇ ಸಭೆ ಸೇರಿ, ಆಗ ನಡೆಯುತ್ತಿದ್ದ ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಅಡಗಿಸಲು ಸೈನಿಕ ಕಾನೂನಿಗೆ ನಿರ್ಧಾರವಾಯಿತು. ಮೇ 19ರ ನಸುಕಿನಲ್ಲಿ ಝಾವೊ ತಿಯಾನನ್ಮೆನ್ ಚೌಕಕ್ಕೆ ಹೋಗಿ ಕೈಯಲ್ಲಿ ಧ್ವನಿವರ್ಧಕ ಹಿಡಿದು, ಬರುವುದು ತಡವಾಯಿತು ಎಂದು ವಿದ್ಯಾರ್ಥಿಗಳ ಕ್ಷಮೆ ಕೇಳಿದರು. ಅದು ಅವರ ಕೊನೆಯ ಸಾರ್ವಜನಿಕ ದರ್ಶನ. ನಂತರ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಗೃಹಬಂಧನ, 2005ರ ಜನವರಿ 17ರಂದು ಸಾವು.

ಚೌಕದ ಆ ಪ್ರಸಿದ್ಧ ಚಿತ್ರದಲ್ಲಿ ಝಾವೊ ಪಕ್ಕ ನಿಂತಿರುವ, ಕಪ್ಪು ಕೋಟಿನ ಅಧಿಕಾರಿ ವೆನ್ ಜಿಯಾಬಾವೊ. ಯಜಮಾನ ಮುಳುಗಿದರೂ ವೆನ್ ಮುಳುಗಲಿಲ್ಲ. ತಲೆ ತಗ್ಗಿಸಿ ದುಡಿದು 2003ರಲ್ಲಿ ಪ್ರಧಾನಿಯಾದರು. ಝಾವೊ ತೀರಿಕೊಂಡು ಮೂರು ತಿಂಗಳು ತುಂಬುವ ಮೊದಲೇ, 2005ರ ಏಪ್ರಿಲ್ 9ರಂದು, ವೆನ್ ಭಾರತ ಪ್ರವಾಸ ಶುರು ಮಾಡಿದ್ದು ಬೆಂಗಳೂರಿನಿಂದ. ದಿಲ್ಲಿಗಿಂತ ಮೊದಲು ಸಾಫ್ಟ್‌ವೇರ್ ಕಂಪನಿ, ಟಾಟಾ ಇನ್‌ಸ್ಟಿಟ್ಯೂಟ್, ಇಸ್ರೊ ನೋಡಿದ ಆ ಸೌಮ್ಯ ಮುಖದ ಅತಿಥಿಯ ಹಿಂದೆ ಇಂಥದ್ದೊಂದು ಚಿತ್ರವಿತ್ತು ಎಂಬುದು ಅಂದು ಸ್ವಾಗತಕ್ಕೆ ನಿಂತವರಲ್ಲಿ ಎಷ್ಟು ಮಂದಿಗೆ ನೆನಪಿತ್ತೋ.

ಗೈದರ್ಸ್‌ಬರ್ಗ್, ರಾಕ್‌ವಿಲ್ ಕಡೆಯ ಹಲವು ಚೀನೀ ಮನೆಗಳಿಗೆ ಡೆಂಗ್ ಎರಡು ರೀತಿಯಲ್ಲಿ ಕಾರಣರು. ವಿದ್ಯಾರ್ಥಿಗಳನ್ನೂ ವಿಜ್ಞಾನಿಗಳನ್ನೂ ಅಮೆರಿಕಕ್ಕೆ ಕಳಿಸುವ ದಾರಿ ತೆರೆದವರು ಅವರು. ಅವರದೇ ಆಳ್ವಿಕೆಯ ಟ್ಯಾಂಕುಗಳು 1989ರಲ್ಲಿ ಚೌಕಕ್ಕೆ ನುಗ್ಗಿದ ಮೇಲೆ, ಇಲ್ಲೇ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳಿಗೆ ನೆಲೆಸಲು ಅನುವು ಮಾಡಿಕೊಡುವ ಕಾಯ್ದೆಯನ್ನು ಅಮೆರಿಕ 1992ರಲ್ಲಿ ತಂದಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಅದರ ಪ್ರಯೋಜನ ಪಡೆದರು. ಬೆಥೆಸ್ಡಾದ ಆರೋಗ್ಯ ಸಂಶೋಧನಾ ಸಂಸ್ಥೆ, ಗೈದರ್ಸ್‌ಬರ್ಗ್‌ನ ನಿಸ್ಟ್, ಸುತ್ತಲಿನ ಔಷಧ ಕಂಪನಿಗಳು ಇಂಥ ಓದಿದವರನ್ನು ಸೆಳೆದವು. ವಾಷಿಂಗ್ಟನ್ ನಗರದ ಹಳೆಯ ಚೈನಾಟೌನ್ ಮಾತ್ರ ಕರಗಿತು. ಗ್ಯಾಲರಿ ಪ್ಲೇಸ್ ನಿಲ್ದಾಣದ ಹೊರಗೆ 1986ರಲ್ಲಿ ಬೀಜಿಂಗ್ ನಗರದ ಸಹಯೋಗದಲ್ಲಿ ಎದ್ದ ಬಣ್ಣದ ಮಹಾದ್ವಾರ ಇನ್ನೂ ಇದೆ. ಕಮ್ಯುನಿಸ್ಟರ ದ್ವಾರ ನಮಗೇಕೆ ಎಂದು ತೈವಾನ್ ಪರವಿದ್ದ ಅಂಗಡಿಯವರು ಆಗ ಮುನಿಸಿಕೊಂಡಿದ್ದರು. ಆ ಜಗಳ ಆಡಲು ಈಗ ಅಲ್ಲಿ ಹೆಚ್ಚು ಚೀನೀಯರೇ ಉಳಿದಿಲ್ಲ.

ಡೆಂಗ್ ನಂತರ ಬಂದವರಲ್ಲಿ ಜಿಯಾಂಗ್ ಝೆಮಿನ್ ತಮಾಷೆಯ ಮನುಷ್ಯ. 1997ರ ಅಕ್ಟೋಬರಿನಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಹಳೇ ಕಾಲದ ಮುಮ್ಮೂಲೆ ಟೋಪಿ ಧರಿಸಿ ಫೋಟೊಗೆ ನಿಂತರು. ಹಾಡುತ್ತಿದ್ದರು, ಲಿಂಕನ್ ಭಾಷಣ ಬಾಯಿಪಾಠ ಒಪ್ಪಿಸುತ್ತಿದ್ದರು. ಅವರ ಪ್ರಧಾನಿ ಝು ರೋಂಗ್ಜಿ ಇದಕ್ಕೆ ತದ್ವಿರುದ್ಧ: ಕಡ್ಡಿ ಮುರಿದಂತೆ ಮಾತು, ಲೆಕ್ಕದಲ್ಲಿ ಬಿಗಿ. 1999ರ ಏಪ್ರಿಲಿನಲ್ಲಿ ಝು ವಿಶ್ವ ವ್ಯಾಪಾರ ಸಂಸ್ಥೆ ಸೇರಲು ಭಾರೀ ರಿಯಾಯಿತಿಗಳ ಪಟ್ಟಿ ಹಿಡಿದು ವಾಷಿಂಗ್ಟನ್ನಿಗೆ ಬಂದರು. ಕ್ಲಿಂಟನ್ ಕೊನೇ ಗಳಿಗೆಯಲ್ಲಿ ಹಿಂಜರಿದರು. ಸಾಲದ್ದಕ್ಕೆ ಅಮೆರಿಕದ ಅಧಿಕಾರಿಗಳು ಆ ಪಟ್ಟಿಯನ್ನೇ ಪ್ರಕಟಿಸಿಬಿಟ್ಟರು. ಇಷ್ಟೆಲ್ಲ ಕೊಟ್ಟೂ ಬರಿಗೈಯಲ್ಲಿ ಬಂದೆ ಎಂಬ ಬೈಗುಳ ಝು ಅವರಿಗೆ ಊರಲ್ಲಿ ಕಾದಿತ್ತು. ಅದೇ ನವೆಂಬರಿನಲ್ಲಿ ಒಪ್ಪಂದ ಕುದುರಿ, 2001ರ ಡಿಸೆಂಬರಿನಲ್ಲಿ ಚೀನಾ ಸಂಸ್ಥೆ ಸೇರಿತು. ಮರುತಿಂಗಳೇ ಝು ಬೆಂಗಳೂರಿನ ಇನ್ಫೊಸಿಸ್ ಆವರಣದಲ್ಲಿದ್ದರು, ನಿಮ್ಮ ಸಾಫ್ಟ್‌ವೇರ್ ನಮ್ಮ ಹಾರ್ಡ್‌ವೇರ್ ಸೇರಿದರೆ ಯಾರೂ ಎದುರಿಲ್ಲ ಎನ್ನುತ್ತ. ಇಪ್ಪತ್ತು ವರ್ಷದಲ್ಲಿ ಹಾರ್ಡ್‌ವೇರ್ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಜೇಬಿನಲ್ಲಿರುವ ಫೋನ್ ಸಾಕ್ಷಿ.

ಹು ಜಿಂಟಾವೊ ಅಂದರೆ ಮುಖದ ಗೆರೆ ಕದಲದ ಆಡಳಿತಗಾರ. 2006ರ ಏಪ್ರಿಲ್ 20ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ನಡೆದ ಸ್ವಾಗತದಲ್ಲಿ ಉದ್ಘೋಷಕರು ಚೀನಾದ ಹೆಸರಿನ ಬದಲು ತೈವಾನಿನ ಅಧಿಕೃತ ಹೆಸರು ಕೂಗಿದರು. ಹು ಮಾತು ಶುರು ಮಾ‍ಡುತ್ತಲೇ ಫಾಲುನ್ ಗಾಂಗ್ ಪಂಥದ ಮಹಿಳೆಯೊಬ್ಬರು ಕ್ಯಾಮೆರಾಗಳ ನಡುವಿನಿಂದ ನಿಮಿಷಗಟ್ಟಲೆ ಅರಚಿದರು. ಹು ಒಂದು ಕ್ಷಣ ತಡೆದು, ಕಾಗದದಲ್ಲಿದ್ದುದನ್ನು ಮುಂದುವರಿಸಿದರು. ಎರಡು ಅವಧಿ ಮುಗಿಯುತ್ತಲೇ ಎಲ್ಲ ಹುದ್ದೆಗಳನ್ನೂ ಬಿಟ್ಟುಕೊಟ್ಟು ಮನೆಗೆ ಹೋದರು. ಕಮ್ಯುನಿಸ್ಟ್ ಚೀನಾದಲ್ಲಿ ಅಷ್ಟು ಸರಳವಾಗಿ ಇಳಿದುಹೋದ ಪರಮೋಚ್ಚ ನಾಯಕ ಇನ್ನೊಬ್ಬರಿಲ್ಲ. ಬೇಸರ ಹುಟ್ಟಿಸುವ ನಾಯಕತ್ವಕ್ಕೂ ಒಂದು ಬೆಲೆಯಿದೆ ಎಂಬುದು ಅವರು ಹೋದ ಮೇಲೆ ತಿಳಿಯಿತು.

ನಂತರ ಬಂದ ಷಿ ಜಿನ್‌ಪಿಂಗ್ ಹುದ್ದೆಯನ್ನೂ ಹಿಡಿತವನ್ನೂ ಮತ್ತೆ ಒಂದೇ ಕಡೆ ತಂದರು. ಮಾವೊ ಕಾಲದಲ್ಲಿ ತಂದೆ ಪದಚ್ಯುತರಾಗಿ, ತಾವು ಹದಿಹರೆಯದಲ್ಲೇ ಹೋಗಿ ಏಳು ವರ್ಷ ಲಿಯಾಂಗ್‌ಜಿಯಾಹೆ ಎಂಬ ಹಳ್ಳಿಯಲ್ಲಿ ಮಣ್ಣು ಹೊತ್ತವರು ಷಿ. ಅಂಥ ಅನುಭವದಿಂದ ಕೆಲವರು ಏಕವ್ಯಕ್ತಿ ಆಳ್ವಿಕೆಯ ಭಯ ಕಲಿಯುತ್ತಾರೆ. ಷಿ ಕಲಿತದ್ದು, ಅಧಿಕಾರ ಕೈಜಾರಿದರೆ ಏನಾಗುತ್ತದೆ ಎಂಬ ಭಯವನ್ನು. ಭ್ರಷ್ಟಾಚಾರ ವಿರೋಧಿ ಆಂದೋಲನದಲ್ಲಿ ಪಾಲಿಟ್‌ಬ್ಯೂರೊ ಸ್ಥಾಯಿ ಸಮಿತಿಯಲ್ಲಿದ್ದ ಝೌ ಯೋಂಗ್‌ಕಾಂಗ್ ಅಂಥವರೂ 2015ರಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾದರು. ಡೆಂಗ್ ಎಳೆಸಿದ್ದ ಎರಡು ಅವಧಿಯ ಗೆರೆಯನ್ನು 2018ರ ಮಾರ್ಚ್ 11ರಂದು ಸಂಸತ್ತು ಅಳಿಸಿಹಾಕಿತು: ಪರ 2,958 ಮತ, ವಿರೋಧ 2.

2022ರ ಅಕ್ಟೋಬರಿನಲ್ಲಿ ಷಿ ಮೂರನೇ ಬಾರಿಗೆ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. ಹಿಂದಿನ ದಿನ ಪಕ್ಷದ ಮಹಾಧಿವೇಶನದ ಸಮಾರೋಪದಲ್ಲಿ ಅವರ ಪಕ್ಕದ ಕುರ್ಚಿಯಲ್ಲಿದ್ದ ವೃದ್ಧ ಹು ಜಿಂಟಾವೊ ಅವರನ್ನು ಕ್ಯಾಮೆರಾಗಳ ಎದುರಿಗೇ ತೋಳು ಹಿಡಿದು ಹೊರಗೆ ಕರೆದೊಯ್ದರು. ಆರೋಗ್ಯ ಸರಿಯಿರಲಿಲ್ಲ ಎಂದು ಸರ್ಕಾರಿ ಸುದ್ದಿಸಂಸ್ಥೆ ಹೇಳಿತು. ಹೊಸ ಸ್ಥಾಯಿ ಸಮಿತಿಯಲ್ಲಿ ಏಳು ಮಂದಿ, ಏಳೂ ಗಂಡಸರು. ಎಲ್ಲರಿಗಿಂತ ಚಿಕ್ಕವರಾದ ಡಿಂಗ್ ಶುಯೆಶಿಯಾಂಗ್ ಹುಟ್ಟಿದ್ದು 1962ರಲ್ಲಿ. ಇವರೇ ಮುಂದಿನವರು ಎಂದು ತೋರಿಸಬಹುದಾದ ವಾರಸುದಾರ ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಪಕ್ಷದ 21ನೇ ಮಹಾಧಿವೇಶನ 2027ರಲ್ಲಿ ನಡೆಯಬೇಕು. ಆಗ ಷಿ ಅವರಿಗೆ 74 ವರ್ಷ.